ನೋವಾದರೆ ಎಡಗೈ ಎತ್ತಿ

ಅಕ್ಕನ ಮನೆ
ಮಂಗಳವಾರ, ಮಧ್ಯಾಹ್ನ

ಹಲ್ಲಿನ ಡಾಕ್ಟರಿಗೆ ಅವರ ಹೆಂಡತಿಯ ನಮಸ್ಕಾರಗಳು.

ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದ್ದಾಯಿತು. ಒಂದರಲ್ಲಿ 'ಪ್ರೀತಿಯ' ಎಂದು ಬರೆದಿದ್ದೆ. ಇನ್ನೊಂದರಲ್ಲಿ ಬರೀ 'ರೀ' ಎಂದಿತ್ತು, ಅಡುಗೆಮನೆಯಿಂದ ಕೂಗಿದ ಹಾಗೆ. ಎರಡೂ ಸರಿಹೋಗಲಿಲ್ಲ. ನಮಸ್ಕಾರದಲ್ಲಿ ಸುಳ್ಳೂ ಇಲ್ಲ, ಸಲುಗೆಯೂ ಇಲ್ಲ, ಆದ್ದರಿಂದ ಅದೇ ಇರಲಿ.

ಊತ ಇಳಿದಿದೆ. ಎಡಮಗ್ಗುಲಿಗೆ ಮಲಗಬಹುದು, ಮೆತ್ತಗಿದ್ದರೆ ಅಗಿಯಲೂಬಹುದು. ಭಾನುವಾರ ಫೋನಿನಲ್ಲಿ ನೀವು ಮೊದಲು ಕೇಳಿದ್ದು ಅದನ್ನೇ, ಹಾಗಾಗಿ ಅದಕ್ಕೇ ಮೊದಲು ಉತ್ತರ ಕೊಟ್ಟಿದ್ದೇನೆ. ಆಮೇಲೆ ಯಾವಾಗ ಬರುತ್ತೀಯ ಎಂದು ಕೇಳಿದಿರಿ. ಬರೆದು ತಿಳಿಸುತ್ತೇನೆ ಎಂದೆ. ನೀವು ನಕ್ಕು, 'ಇದೇನು ಸರ್ಕಾರಿ ಆಫೀಸಾ?' ಎಂದಿರಿ. ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ 'ಇಲ್ಲ ಇಲ್ಲ, ಏನೂ ಇಲ್ಲ, ಚೆನ್ನಾಗಿದೀನಿ' ಎಂದುಬಿಡುತ್ತದೆ. ಅದಕ್ಕೆ ಹದಿನಾಲ್ಕು ವರ್ಷದ ಅಭ್ಯಾಸ. ಕೈಗೆ ಇನ್ನೂ ಅಷ್ಟು ರೂಢಿಯಾಗಿಲ್ಲ.

ಫೋನ್ ಇಡುವ ಮೊದಲು ನೀವು ಹೇಳಿದ್ದು ಹೀಗೆ: 'ಆಗಿದ್ದಾಯ್ತು ಬಿಡು, ನಾನು ಕ್ಷಮಿಸಿದೀನಿ. ಮೊದಲಿನ ಹಾಗೇ ಇರೋಣ. ಇನ್ಮೇಲೆ ಆ ವಿಷಯಕ್ಕೆ ನಾನು ನಿನ್ನ ಹತ್ರಾನೂ ಬರಲ್ಲ. ಆದ್ರೆ ಒಂದು ಮಾತು ಕೇಳ್ತೀನಿ, ಆ ಒಂದು ಸಲ ಬಿಟ್ರೆ ನೀನು ಯಾವತ್ತಾದ್ರೂ ಕೈ ಎತ್ತಿದ್ಯಾ? ಎತ್ತಿದ್ರೆ ನಾನು ನಿಲ್ಲಿಸ್ತಿರಲಿಲ್ವಾ?' ಕೆನ್ನೆಗೆ ಫೋನ್ ಒತ್ತಲಾಗದೆ ಸ್ಪೀಕರ್ ಹಾಕಿದ್ದೆ. ಅಕ್ಕ ಊಟದ ಮೇಜಿನ ಹತ್ತಿರ ಕ್ಯಾರೆಟ್ ಹೆಚ್ಚುತ್ತಿದ್ದಳು. ಚಾಕುವಿನ ಸದ್ದು ನಿಂತಿತ್ತು. ನಾನು ಸರಿ ಎಂದು ಫೋನ್ ಇಟ್ಟೆ.

ಕ್ಷಮಿಸಿದ್ದೀರಂತೆ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದರೆ ಇದೇ ಇರಬೇಕು. ಎರಡು ದಿನದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಅತ್ತಿಂದಿತ್ತ ಹೊರಳಿಸುತ್ತಿದ್ದೇನೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ನೋವು ತಿಂದವಳು ನಾನು, ಕ್ಷಮಿಸಿದವರು ನೀವು. ನಾನು ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದು ನಿಮ್ಮ ಸ್ನೇಹಿತರ ಎದುರು ನೀವೇ ಎಷ್ಟೋ ಸಲ ಹೊಗಳಿದ್ದೀರಿ. ಈ ಪತ್ರದಲ್ಲಿ ಸ್ವಲ್ಪ ಕಚ್ಚುತ್ತೇನೆ, ಸಹಿಸಿಕೊಳ್ಳಿ.

ಮೊದಲಿನಿಂದ ಹೇಳಬೇಕು. ನಾನು ನಿಮ್ಮ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀವು ಕಲಿಸಿದ್ದು ಮುಖ್ಯವಾಗಿ ಎರಡು. ಒಂದು, ಎಂಜಲು ಎಳೆಯುವ ಕೊಳವೆಯನ್ನು ರೋಗಿಯ ನಾಲಿಗೆಗೆ ತಾಗಿಸದೆ ಕೆನ್ನೆಯ ಒಳಮಗ್ಗುಲಿಗೆ ಹಿಡಿಯುವುದು. ಇನ್ನೊಂದು, ನೋವನ್ನು ಓದುವುದು. 'ಮುಖ ನೋಡ್ಬೇಡ, ಅದು ಮರ್ಯಾದೆಗೆ ಸುಳ್ಳು ಹೇಳುತ್ತೆ. ಕಾಲ್ಬೆರಳು ನೋಡು' ಎಂದಿರಿ. ರೋಗಿಗಳ ಚಪ್ಪಲಿಯನ್ನು ನೀವು ಹೊರಗೆ ಬಿಡಿಸುತ್ತಿದ್ದುದು ನೆಲದ ಸ್ವಚ್ಛತೆಗೆಂದು ಎಲ್ಲರೂ ತಿಳಿದಿದ್ದರು. ನಿಜವಾದ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಬೆರಳು ಒಳಕ್ಕೆ ಮಡಚಿದರೆ ನೋವು ಆಗುತ್ತಿದೆ ಎಂದು ಅರ್ಥ. ಹಿಮ್ಮಡಿ ಒತ್ತಿ ಹಿಡಿದರೆ ನೋವಾಗುತ್ತದೆಂಬ ಭಯ. ಉಸಿರು ಗಂಟಲಲ್ಲೇ ನಿಂತರೆ ಇನ್ನೊಂದು ಕ್ಷಣದಲ್ಲಿ ತಲೆ ಅಲುಗುತ್ತದೆ, ಡ್ರಿಲ್ ಹಿಂದಕ್ಕೆ ತೆಗೆಯಬೇಕು. ನಾನು ಬೇಗ ಕಲಿತೆ. ಒಳ್ಳೇ ವಿದ್ಯಾರ್ಥಿನಿ ಎಂದು ನೀವೇ ಅಂದಿರಿ.

ಕುರ್ಚಿಯ ಎದುರಿನ ಗೋಡೆಯ ಮೇಲೆ ನಿಮ್ಮ ಬೋರ್ಡು: 'ನೋವಾದರೆ ಎಡಗೈ ಎತ್ತಿ. ನಿಲ್ಲಿಸುತ್ತೇನೆ.' ಬಲಗಡೆ ನಿಮ್ಮ ಸಾಮಾನಿನ ಟ್ರೇ ಇರುತ್ತಿದ್ದುದರಿಂದ ಎಡಗೈ. ಇಂಥ ಬೋರ್ಡು ಬೇರೆ ಕಡೆಯೂ ಇರಬಹುದು, ಆದರೆ ನೀವು ನಿಜವಾಗಿ ನಿಲ್ಲಿಸುತ್ತಿದ್ದಿರಿ. ಕೈ ಎದ್ದ ಕ್ಷಣವೇ ಡ್ರಿಲ್ಲಿನ ಸದ್ದು ಅಡಗುತ್ತಿತ್ತು. ನಾನು ನಿಮ್ಮನ್ನು ಮೆಚ್ಚಿದ್ದು ರೂಪ ನೋಡಿ ಅಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಪ್ಪ ಬಯ್ಯುವುದಕ್ಕೆ ಶುರು ಮಾಡಿದರೆ ಅಮ್ಮ ಅತ್ತರೂ ನಿಲ್ಲಿಸುತ್ತಿರಲಿಲ್ಲ, ಪಕ್ಕದ ಮನೆಯವರು ಕಿಟಕಿ ತೆರೆದರೂ ನಿಲ್ಲಿಸುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳಿಗೆ, ಒಂದು ಕೈ ಮೇಲೆದ್ದರೆ ಸಾಕು ನಿಲ್ಲಿಸುವ ಗಂಡಸು ಲೋಕದಲ್ಲಿ ಇದ್ದಾನೆ ಎನ್ನುವುದೇ ದೊಡ್ಡ ಆಶ್ಚರ್ಯ. ಮದುವೆಯಾಗುತ್ತೀಯಾ ಎಂದು ನೀವು ಕೇಳಿದಾಗ ನಾನು ಯೋಚಿಸಲೇ ಇಲ್ಲ.

ಮದುವೆಗೆ ಮೊದಲು ಅಕ್ಕ ನನ್ನನ್ನು ಕೂರಿಸಿಕೊಂಡು ಹೇಳಿದ್ದಳು: 'ಮೊದಮೊದಲು ನೋವಾಗುತ್ತೆ ಕಣೇ, ಹಲ್ಲು ಕಚ್ಚಿಕೊಂಡಿರು, ಆಮೇಲೆ ಅಭ್ಯಾಸ ಆಗುತ್ತೆ.' ಹಲ್ಲಿನ ಡಾಕ್ಟರ ಹೆಂಡತಿಯಾಗುವವಳಿಗೆ ಹೇಳುವ ಮಾತೇ ಅದು! ಕಚ್ಚಿಕೊಂಡೆ. ಮೊದಲ ಸಲ ನೋವಾಯಿತು, ಸರಿ. ಎರಡನೆಯ ಸಲ ಆಯಿತು. ಹತ್ತನೆಯ ಸಲವೂ ಆಯಿತು. ಎಲ್ಲರಿಗೂ ಸರಿಹೋಗುವುದು ನನಗೇಕೆ ಸರಿಹೋಗುತ್ತಿಲ್ಲ ಎಂದು ನನ್ನ ಮೇಲೇ ಸಂಶಯ ಬಂತು. ಮುಗಿದ ಮೇಲೆ ನೀವು ನನ್ನ ಕಿವಿಯ ಹತ್ತಿರ 'ಚೆನ್ನಾಗಿತ್ತಾ?' ಎಂದು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಬೆವರಿದ ಗಂಡಸು, ಮುಖದ ತುಂಬ ಸಂತೋಷ, ಕಣ್ಣಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಭಯ. ಅವನಿಗೆ ಇಲ್ಲ ಎನ್ನುವವರು ಯಾರು? ನಾನು ಹೂಂ ಎಂದೆ.

ಅದೊಂದು 'ಹೂಂ' ಸಾಕಾಗಿದ್ದರೆ ಒಳ್ಳೆಯದಿತ್ತು. ಒಂದು ಸುಳ್ಳಿನ ಬೆನ್ನಿಗೆ ನೂರು ಸುಳ್ಳು ಎನ್ನುತ್ತಾರಲ್ಲ. ಬರೀ ಹೂಂ ಎಂದರೆ ನಿಮಗೆ ಸಂಶಯ ಬರಬಹುದೆಂದು ಮುಗಿಯುವ ಮೊದಲೂ ಸದ್ದು ಮಾಡಲು ಕಲಿತೆ. ಯಾವ ಸದ್ದಿಗೆ ಬೇಗ ಮುಗಿಯುತ್ತದೆ ಎಂದು ಕಂಡುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ: ಉಸಿರನ್ನು ಗಂಟಲಲ್ಲಿ ನಿಲ್ಲಿಸಬಾರದು, ಬಿಟ್ಟುಬಿಡಬೇಕು. ಹಿಮ್ಮಡಿ ಹಾಸಿಗೆಗೆ ಒತ್ತಬಾರದು. ಕಾಲ್ಬೆರಳು ಸಡಿಲವಾಗಿರಬೇಕು, ನೀರಲ್ಲಿ ಬಿಟ್ಟ ಹಾಗೆ. ನೀವು ಎಲ್ಲೆಲ್ಲಿ ನೋವನ್ನು ಹುಡುಕುತ್ತೀರೋ ಅಲ್ಲೆಲ್ಲ ಗುಡಿಸಿ ಸಾರಿಸಿಟ್ಟೆ. ಬೇರೆ ಯಾವ ಹೆಂಡತಿಗೂ ನಿಮ್ಮಿಂದ ಇಷ್ಟು ಚೆನ್ನಾಗಿ ಮುಚ್ಚಿಡಲು ಆಗುತ್ತಿರಲಿಲ್ಲ. ನೀವು ನನಗೆ ಕಲಿಸಿದ ಪಾಠ ನಿಮ್ಮ ಮೇಲೇ ಪ್ರಯೋಗವಾಯಿತು. ಅದರಲ್ಲಿ ನನಗೆ ಒಂದು ಸಣ್ಣ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಊರಿನ ನೋವನ್ನೆಲ್ಲ ಹಿಡಿಯುವ ಡಾಕ್ಟರು ಪಕ್ಕದಲ್ಲಿರುವುದನ್ನು ಹಿಡಿಯಲಾರರು ಎಂಬ ಹೆಮ್ಮೆ.

ಒಂದು ಸಲ ಮಾತ್ರ ನಾನು ನಟಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಕೆರೆಯ ಪಕ್ಕದ ಆ ಹೋಟೆಲಿಗೆ ಹೋಗಿದ್ದೆವಲ್ಲ, ಹಳದಿ ಪರದೆ, ಫ್ಯಾನು ಕಟಕಟ ಎನ್ನುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ. ಅವತ್ತು ತಡೆಯಲಾಗಲಿಲ್ಲ. ನಾನು ಎಡಗೈ ಎತ್ತಿದೆ. ಮಾತು ಬರಲಿಲ್ಲ, ಕೈ ಎದ್ದಿತು, ಕ್ಲಿನಿಕ್ಕಿನ ಬೋರ್ಡಿನಲ್ಲಿ ಬರೆದ ಹಾಗೆಯೇ ನೆಟ್ಟಗೆ. ನೀವು ನನ್ನ ಬೆರಳುಗಳೊಳಗೆ ನಿಮ್ಮ ಬೆರಳು ಸೇರಿಸಿ, ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ದಿಂಬಿನ ಮೇಲೆ ಒತ್ತಿ ಹಿಡಿದಿರಿ. ನಿಲ್ಲಿಸಲಿಲ್ಲ. ಪಾಪ, ನೀವು ಅದನ್ನು ಪ್ರೀತಿ ಎಂದುಕೊಂಡಿರಿ. ಕುರ್ಚಿಯ ಮೇಲಿನ ಕೈ ಹಾಸಿಗೆಯಲ್ಲಿ ಏಳಬಹುದೆಂದು ನಿಮಗೆ ಹೊಳೆಯಲಾದರೂ ಏಕೆ ಬೇಕು? ಇಷ್ಟು ವರ್ಷ ನಾನು ನಿಮ್ಮ ಪರವಾಗಿ ಹಾಗೆಯೇ ವಾದಿಸಿಕೊಂಡು ಬಂದಿದ್ದೇನೆ. ಇದನ್ನು ಅಕ್ಕನಿಗೂ ಹೇಳಿಲ್ಲ. ನಿಮಗೂ ಇದೇ ಮೊದಲ ಸಲ ಹೇಳುತ್ತಿದ್ದೇನೆ. ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ, ನಾನು ಮತ್ತೆ ಏಕೆ ಎತ್ತಲಿಲ್ಲ ಎಂಬುದಕ್ಕೆ ಉತ್ತರವೆಂದು ಹೇಳುತ್ತಿದ್ದೇನೆ.

ಅಲ್ಲಿಂದ ಬಂದ ಮೇಲೆಯೇ ಅಲ್ಲವೇ ಬೇಕರಿಯವರು ಬರಲು ಶುರು ಮಾಡಿದ್ದು? ಆ ದಪ್ಪ ಮನುಷ್ಯ ದೀಪ ಹಾಕಿದರೂ ಕೈ ಎತ್ತುತ್ತಿದ್ದರು, ನೀವು ಕನ್ನಡಿ ಹಿಡಿದರೂ ಎತ್ತುತ್ತಿದ್ದರು. ಒಂದು ದಿನ ನೀವು ಗ್ಲೌಸ್ ಹಾಕಿಕೊಳ್ಳುತ್ತಿದ್ದುದಕ್ಕೇ ಎತ್ತಿದರು. ನನಗೆ ನಗು ತಡೆಯಲಾಗಲಿಲ್ಲ. ನೀವು ನಗಲಿಲ್ಲ. ಪ್ರತಿಸಲ ನಿಲ್ಲಿಸಿ, ಅವರ ಉಸಿರು ತಹಬಂದಿಗೆ ಬರುವ ತನಕ ಕಾದಿರಿ. ಅವರು ಹೋದ ಮೇಲೆ, ಸುಮ್ಮನೆ ಎತ್ತಿದರೂ ಏಕೆ ನಿಲ್ಲಿಸಬೇಕು ಎಂದು ಕೇಳಿದೆ. ನೀವು ಸಿಂಕಿನ ಕಡೆ ತಿರುಗಿ ಕೈ ತೊಳೆಯುತ್ತಾ ಹೇಳಿದ ಮಾತು ಇನ್ನೂ ನೆನಪಿದೆ: 'ಎತ್ತಿದ ಕೈಗೆ ಒಂದೇ ಒಂದು ಸಲ ನಿಲ್ಲಿಸದೆ ಹೋದ್ರೂ ಮುಗೀತು. ಆ ಕೈ ಮತ್ತೆ ಏಳಲ್ಲ.' ಎಂಥ ದೊಡ್ಡ ಮಾತು ಎಂದುಕೊಂಡೆ. ಅವತ್ತು ರಾತ್ರಿಯೂ ಸಡಿಲವಾದ ಕಾಲ್ಬೆರಳಿನಲ್ಲಿ ಮಲಗಿದೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ನಿಮ್ಮನ್ನು ಅನ್ನುವುದಿಲ್ಲ, ನೀವು ಮಾರಿಯಲ್ಲ. ಆದರೆ ಕ್ಲಿನಿಕ್ಕಿನಲ್ಲಿ ನೀವು ಮೊದಲು ಕೇಳುತ್ತಿದ್ದಿರಿ, ಮನೆಯಲ್ಲಿ ಆಮೇಲೆ ಕೇಳುತ್ತಿದ್ದಿರಿ. ಅಷ್ಟೇ ವ್ಯತ್ಯಾಸ.

ನನಗೆ ಆಸೆಯೇ ಇರಲಿಲ್ಲ ಎಂದು ನೀವೀಗ ತೀರ್ಮಾನಿಸಿರಬಹುದು. 'ಕಲ್ಲಿನ ಜೊತೆ ಬಾಳಿದೆನಾ?' ಎಂದು ಅವತ್ತು ಕೇಳಿದಿರಿ. ಇತ್ತು ರೀ. ಸಂಜೆ ಗ್ಲೌಸ್ ಕಳಚಿ, ಪೌಡರಿನ ವಾಸನೆಯ ಕೈಯನ್ನು ನೀವು ನನ್ನ ಕತ್ತಿನ ಹಿಂದೆ ಇಟ್ಟರೆ ಮೈಯೆಲ್ಲ ಬೆಚ್ಚಗಾಗುತ್ತಿತ್ತು. ಆ ಆಸೆ ಬಾಗಿಲ ತನಕ ಬಂದು, ಒಳಗೆ ನೋವು ಕೂತಿರುವುದನ್ನು ನೋಡಿ ವಾಪಸು ಹೋಗುತ್ತಿತ್ತು. ಬರಬರುತ್ತಾ ಬಾಗಿಲ ತನಕವೂ ಬರದಾಯಿತು. ಕತ್ತಿನ ಮೇಲೆ ನಿಮ್ಮ ಕೈ ಬಿದ್ದರೆ, ಓ ಇವತ್ತು ಇದೆ ಎಂದು ಮೈ ಗಟ್ಟಿಯಾಗುತ್ತಿತ್ತು. ನಾನು ತಲೆನೋವೆಂದೆ, ಸುಸ್ತೆಂದೆ, ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿದೆ. ನನಗಿಷ್ಟವಿದ್ದ ಒಂದು ಮುಟ್ಟುವಿಕೆಯೂ ಹಾಗೆ ಹೋಯಿತು. ಸುಳ್ಳಿನಿಂದ ನೀವು ಕಳೆದುಕೊಂಡದ್ದು ನಿಮ್ಮ ಹೆಮ್ಮೆ. ನಾನು ಕಳೆದುಕೊಂಡದ್ದು ಇದು. ನನಗೆ ಇದಕ್ಕೇ ಹೆಚ್ಚು ಸಿಟ್ಟು, ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ.

ಈಗ ಹಲ್ಲಿನ ದಿನ. ಎಡಗಡೆ ಕೆಳಗಿನ ದವಡೆಹಲ್ಲು, ಒಳಗಿನ ತನಕ ಹುಳುಕು. ನೀವು ಮರಗಟ್ಟಿಸುವ ಇಂಜೆಕ್ಷನ್ ತುಂಬಿಸಿ ಟ್ರೇ ಮೇಲೆ ಇಟ್ಟಿರಿ. ಅಷ್ಟರಲ್ಲಿ ಬೇಕರಿಯವರ ಫೋನು ಬಂತು, ಹಲ್ಲಿನ ಮೇಲೆ ನೀವು ಕೂರಿಸಿದ್ದ ಕ್ಯಾಪನ್ನು ಬ್ರೆಡ್ಡಿನ ಜೊತೆ ನುಂಗಿಬಿಟ್ಟೆನೆಂದು ಗೋಳಾಟ. ಸಮಾಧಾನ ಮಾಡಿ ಬಂದಿರಿ. ಅವರ ಗಲಾಟೆಯಲ್ಲಿ ಇಂಜೆಕ್ಷನ್ ಕೊಟ್ಟಾಗಿದೆ ಎಂದುಕೊಂಡು ಡ್ರಿಲ್ ಎತ್ತಿಕೊಂಡಿರಿ. ಚೀಟಿ ಬರೆಯುವ ಹುಡುಗಿ ಅವತ್ತು ನನ್ನ ಜಾಗದಲ್ಲಿ ನಿಂತು ಕೊಳವೆ ಹಿಡಿದಿದ್ದಳು, ನಾಲಿಗೆಗೆ ತಾಗಿಸಿಕೊಂಡೇ. ಅವಳಿಗೆ ಇದೆಲ್ಲ ತಿಳಿಯುವಂತಿರಲಿಲ್ಲ. ತುಂಬಿದ ಸಿರಿಂಜು ಟ್ರೇ ಮೇಲೇ ಉಳಿದದ್ದು ನನಗೆ ಕಾಣಲಿಲ್ಲ, ಇಂಜೆಕ್ಷನ್ ಬೇಡವೆಂದು ನೀವೇ ಬಿಟ್ಟಿರೆಂದುಕೊಂಡೆ ಎಂದು ಆಮೇಲೆ ನಿಮಗೆ ಹೇಳಿದೆ. ಕಂಡಿತ್ತು. ನೀವು ಬಾಗಿದಾಗ ನಿಮ್ಮ ಮೊಣಕೈಯ ಸಂದಿಯಿಂದ ಚೆನ್ನಾಗಿಯೇ ಕಂಡಿತ್ತು.

ಏಕೆ ಹೇಳಲಿಲ್ಲ ಎಂದರೆ, ನೋಡೋಣ ಎನ್ನಿಸಿತು. ಇವರಿಗೆ ಇವತ್ತಾದರೂ ಗೊತ್ತಾಗುತ್ತದಾ ನೋಡೋಣ. ತೀರಾ ತಡೆಯಲಾಗದಿದ್ದರೆ ಕೈ ಎತ್ತಿದರಾಯಿತು, ಎದುರಿಗೇ ಬೋರ್ಡಿದೆ. ಡ್ರಿಲ್ ನರಕ್ಕೆ ತಾಗಿತು. ಆ ನೋವಿಗೆ ಹೋಲಿಕೆ ಹುಡುಕುವುದಿಲ್ಲ, ನೀವು ಡಾಕ್ಟರು, ನಿಮಗೆ ಗೊತ್ತು. ನಾನು ನಿಜವಾಗಿ ಕೈ ಎತ್ತಲು ನೋಡಿದೆ. ಅದು ಏಳಲಿಲ್ಲ! ಕುರ್ಚಿಯ ತೋಳಿನ ಮೇಲೆ ಬೇರೆಯವರ ಕೈಯ ಹಾಗೆ ಬಿದ್ದುಕೊಂಡಿತ್ತು. ಉಸಿರು ತಾನಾಗಿ ಹೊರಗೆ ಹೋಯಿತು, ಕಾಲ್ಬೆರಳು ತಾನಾಗಿ ಸಡಿಲವಾಯಿತು, ತುಟಿ ನಕ್ಕಿತು. ನೀವು ಹತ್ತಿಗೆಂದು ಟ್ರೇ ಕಡೆ ಕೈ ಚಾಚಿದಾಗ ತುಂಬಿದ ಸಿರಿಂಜು ಕಂಡಿರಿ. ಡ್ರಿಲ್ ನಿಂತಿತು. ನೀವು ನನ್ನ ಕಾಲು ನೋಡಿದಿರಿ, ಆಮೇಲೆ ಮುಖ ನೋಡಿದಿರಿ. ಅದೇ ಮುಖವನ್ನು ನೀವು ಬೇರೆ ಕಡೆ ನೋಡಿದ್ದಿರಿ. ಎಲ್ಲಿ ಎಂದು ನೆನಪಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾಸ್ಕಿನ ಮೇಲೆ ನಿಮ್ಮ ಕಣ್ಣು ಮಾತ್ರ ಕಾಣುತ್ತಿತ್ತು, ಅದರಲ್ಲಿ ಭಯವಿತ್ತು. ಹುಡುಗಿ 'ಮೇಡಂಗೆ ನೋವೇ ಆಗಲ್ಲ, ಎಷ್ಟು ಧೈರ್ಯ ನೋಡಿ ಸಾರ್' ಎಂದಳು.

ಮರುದಿನ ಬೆಳಿಗ್ಗೆ ಟೀ ಮುಂದಿಟ್ಟುಕೊಂಡು ನೀವು 'ಯಾವಾಗಿಂದ?' ಎಂದು ಕೇಳಿದಿರಿ. 'ಮೊದಲಿಂದ' ಎಂದೆ. ನೀವು ಇಷ್ಟು ವರ್ಷದಲ್ಲಿ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. ನೀವು ನನ್ನ ಕೆನ್ನೆ ನೋಡಿ ಹೇಗಿದೆ ಎಂದು ಕೇಳಬಹುದಿತ್ತು, ಅದು ಬನ್ನಿನ ಹಾಗೆ ಊದಿತ್ತು. ಅದರ ಬದಲು 'ನನ್ನನ್ನ ಏನು ಮಾಡಿಬಿಟ್ಟೆ ನೀನು?' ಎಂದಿರಿ. ನಟಿ ಎಂದಿರಿ, ಕಲ್ಲು ಎಂದಿರಿ. ಒಪ್ಪುತ್ತೇನೆ, ನಿಮಗೂ ಪೆಟ್ಟಾಗಿದೆ. ತನಗೆ ಗೊತ್ತಿಲ್ಲದೆ ತಾನು ಪ್ರತಿಸಲ ಒಬ್ಬಳನ್ನು ನೋಯಿಸುತ್ತಿದ್ದೆ ಎಂದು ತಿಳಿದ ಗಂಡಸಿಗೆ ಏನಾಗುತ್ತದೆಂದು ನಾನು ಊಹಿಸಬಲ್ಲೆ. ಆ ಅವಮಾನ ನಿಮಗೆ ನನ್ನಿಂದ ಆದದ್ದು, ಅದಕ್ಕೆ ನಾನು ಹೊಣೆ. ಆದರೆ ನೀವು ನಾಲ್ಕು ದಿನ ಕ್ಲಿನಿಕ್ಕಿನ ಕುರ್ಚಿಯಲ್ಲೇ ಮಲಗಿ, ನನ್ನ ಜೊತೆ ಹುಡುಗಿಯ ಮೂಲಕ ಮಾತಾಡಿದಿರಿ. 'ಮೇಡಂಗೆ ಮಾತ್ರೆ ತಗೊಳಕ್ಕೆ ಹೇಳು.' ಮಕ್ಕಳಿಲ್ಲದ ಮನೆ, ಬಿಟ್ಟು ಹೊರಡುವುದು ಸುಲಭ. ಹಲ್ಲಿಗೆ ವಿಶ್ರಾಂತಿ ಬೇಕೆಂದು ಎಲ್ಲರಿಗೂ ಹೇಳಿ ಇಲ್ಲಿಗೆ ಬಂದೆ. ಅದೂ ಒಂದು ಸುಳ್ಳೇ.

ಅಕ್ಕನಿಗೆ ಅರ್ಧ ಹೇಳಿದೆ. ಅವಳು ಮೊದಲು ನಕ್ಕಳು. 'ಅಯ್ಯೋ, ಎಲ್ಲರೂ ಮಾಡೋದೇ ಕಣೇ, ಇದಕ್ಕೆಲ್ಲ ಮನೆ ಬಿಟ್ಟು ಬರ್ತಾರಾ?' ಎಂದಳು. ಒಳಗೆ ಭಾವ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಯಾರಿಗೋ ಶಹಭಾಸ್ ಎನ್ನುತ್ತಿದ್ದರು. ಅಕ್ಕ ಆ ಕಡೆ ಒಂದು ಸಲ ನೋಡಿ, ಧ್ವನಿ ಇಳಿಸಿ, 'ನಿಂಗೆ ನೋವಾಗ್ತಿತ್ತಾ? ನಂಗೆ ನೋವಿಲ್ಲ, ಏನೂ ಇಲ್ಲ. ಏನೂ ಅಂದ್ರೆ ಏನೂ ಇಲ್ಲ' ಎಂದಳು. ಮತ್ತೆ ನಗಲಿಲ್ಲ. ಮರುದಿನ ಅವಳೇ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರು ಮುಟ್ಟುವ ಮೊದಲು 'ಮುಟ್ಲಾ?' ಎಂದು ಕೇಳಿದರು. ನನಗೆ ಅಲ್ಲೇ ಅಳು ಬಂತು. ಪರೀಕ್ಷೆ ಮುಗಿಸಿ, ಇದಕ್ಕೆ ಹೆಸರಿದೆ, ಎಷ್ಟೋ ಜನಕ್ಕೆ ಇರುತ್ತದೆ, ಒಳಗಿನ ಸ್ನಾಯು ಹೆದರಿ ಬಿಗಿದುಕೊಳ್ಳುತ್ತದೆ, ವ್ಯಾಯಾಮವಿದೆ, ಮುಲಾಮಿದೆ, ಕೆಲವು ತಿಂಗಳಲ್ಲಿ ಬಹಳ ಮಟ್ಟಿಗೆ ಸರಿಹೋಗುತ್ತದೆ ಎಂದರು. ಎಷ್ಟು ದಿನದಿಂದ ಎಂದು ಕೇಳಿದರು. ವರ್ಷ ಹೇಳಿದೆ. ಕನ್ನಡಕ ತೆಗೆದು, 'ನಿಮ್ಮ ಮನೆಯವ್ರು ಏನ್ ಮಾಡ್ತಾರೆ?' ಎಂದರು. ಡಾಕ್ಟರು ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಚೀಟಿ ಬರೆಯತೊಡಗಿದರು. ದೀಪದ ಬುಡದಲ್ಲಿ ಕತ್ತಲೆ ಎಂದುಕೊಂಡಿರಬೇಕು. ಕೆಲವು ತಿಂಗಳ ಕೆಲಸ! ಒಂದು ಮಾತು ಹೊರಗೆ ಬಂದಿದ್ದರೆ ಮದುವೆಯಾದ ವರ್ಷವೇ ಮುಗಿಯುತ್ತಿತ್ತು.

ಇಷ್ಟೆಲ್ಲ ಬಯ್ದ ಮೇಲೂ, ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಆದರೆ 'ಮೊದಲಿನ ಹಾಗೇ' ಅಲ್ಲ. ನೀವು ಹತ್ತಿರವೂ ಬರುವುದಿಲ್ಲ ಎಂದು ಶಿಕ್ಷೆ ಕೊಡುವುದು ಬೇಡ, ನಾನು ಸುಳ್ಳು ಹೇಳಿದ್ದಕ್ಕೆ ಬ್ರಹ್ಮಚಾರಿಯಾಗುವ ನಾಟಕವೂ ಬೇಡ. ಬನ್ನಿ, ಆದರೆ ಮೊದಲು ಕೇಳಿ. ನಾನು ಬೇಡವೆಂದರೆ ಮುಖ ಊದಿಸಿಕೊಳ್ಳಬೇಡಿ. ಲೇಡಿ ಡಾಕ್ಟರು ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದಾರೆ, ಅಲ್ಲಿ ನೀವು ಡಾಕ್ಟರಾಗಿ ಅಲ್ಲ, ಗಂಡನಾಗಿ ಕೂರಬೇಕು. ನೋವಾದರೆ ನಾನು ಕೈ ಎತ್ತುತ್ತೇನೆ. ಅದು ಏಳುವುದನ್ನು ಮತ್ತೆ ಕಲಿಯಬೇಕು, ಸ್ವಲ್ಪ ಸಮಯ ಹಿಡಿಯಬಹುದು. ನಿಮಗೆ ತಿಳಿದೇ ಇರಲಿಲ್ಲ ಎಂಬುದೊಂದೇ ನನ್ನನ್ನು ಆ ಬಸ್ಸು ಹತ್ತಿಸುತ್ತಿರುವುದು. ತಿಳಿಯದೆ ನೋಯಿಸಿದವರ ಜೊತೆ ಬಾಳಬಹುದು, ತಿಳಿಸದೆ ಇದ್ದವಳು ನಾನೂ ಇದ್ದೇನಲ್ಲ.

ಸಣ್ಣ ಸುಳ್ಳುಗಳನ್ನೂ ಬಿಡುತ್ತೇನೆ, ಸಿದ್ಧರಾಗಿರಿ. ನೀವು ಮಾಡುವ ಟೀ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ. ಬಾತ್‌ರೂಮಿನಲ್ಲಿ ನೀವು ಹಾಡುವುದು ಹಾಡಲ್ಲ. ಹಲ್ಲಿಲ್ಲದ ಹುಲಿ ಡಾಕ್ಟರ ಹತ್ತಿರ ಹೋದ ಆ ಜೋಕನ್ನು ನೀವು ಪ್ರತಿ ನೆಂಟನಿಗೂ ಹೇಳುತ್ತೀರಿ, ಪ್ರತಿಸಲ ನಾನು ಮೊದಲ ಸಲ ಕೇಳಿದವಳ ಹಾಗೆ ನಕ್ಕಿದ್ದೇನೆ. ಇನ್ನು ನಗುವುದಿಲ್ಲ. ಹುಡುಗಿ ಕೊಳವೆಯನ್ನು ನಾಲಿಗೆಗೆ ತಾಗಿಸುತ್ತಾಳೆಂದು ಫೋನಿನಲ್ಲಿ ಗೊಣಗಿದಿರಲ್ಲ, ಬಂದ ಮೇಲೆ ನಾನು ಕಲಿಸುತ್ತೇನೆ. ಬಸ್ ನಿಲ್ದಾಣಕ್ಕೆ ಬರುವುದು ಬೇಡ, ರೋಗಿಗಳನ್ನು ಕಾಯಿಸಬೇಡಿ.

ಇಂತು,
ಬರುತ್ತಿರುವ
ನಿಮ್ಮ ಹೆಂಡತಿ

ತಾ.ಕ.: ಬುಧವಾರ ಬೆಳಿಗ್ಗೆ. ಪತ್ರ ಮಡಚಿ ಕವರಿಗೆ ಹಾಕುವ ಮೊದಲು ಒಂದು ಸಲ ಓದಿದೆ. ಹೋಟೆಲಿನ ವಿಷಯ ಯಾರಿಗೂ ಹೇಳಿಲ್ಲ, ನಿಮಗೂ ಇದೇ ಮೊದಲು ಎಂದು ಬರೆದ ಸಾಲಿನ ಹತ್ತಿರ ಕಣ್ಣು ನಿಂತಿತು. ಫೋನಿನಲ್ಲಿ ನೀವು ಹೇಳಿದ್ದನ್ನು ಮೇಲೆ ಬರೆದಿದ್ದೇನೆ, ಆದರೆ ಪೂರ್ತಿ ಬರೆದಿಲ್ಲ. ಒಂದು ಮಾತು ಬಿಟ್ಟುಹೋಗಿದೆ. ನನ್ನ ಕೈಗೂ ಸುಳ್ಳು ಬರುತ್ತದೆ ಎಂದಾಯಿತು. ನೀವು ಹೇಳಿದ್ದು, 'ಆ ಹೋಟೆಲಲ್ಲಿ ಆ ಒಂದು ಸಲ ಬಿಟ್ರೆ ನೀನು ಯಾವತ್ತಾದ್ರೂ ಕೈ ಎತ್ತಿದ್ಯಾ?' ಅಕ್ಕನನ್ನು ಕೇಳಿದೆ, ಅವಳಿಗೂ ಹಾಗೇ ಕೇಳಿಸಿತ್ತಂತೆ. ಯಾವ ಹೋಟೆಲು ಎಂದು ಅವಳು ಭಾನುವಾರದಿಂದ ಯೋಚಿಸುತ್ತಿದ್ದಳಂತೆ.

ಹಾಗಾದರೆ ಅದು ನೋವಿಗೆ ಎತ್ತಿದ ಕೈ ಎಂದು ನಿಮಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಕೆಳಗಿಳಿಸಿದಿರಿ. ಆಮೇಲಿನ ಪ್ರತಿ 'ಚೆನ್ನಾಗಿತ್ತಾ'ಗೂ ನನ್ನ ಉತ್ತರ ಸುಳ್ಳೆಂದು ಗೊತ್ತಿದ್ದೇ ಕೇಳಿದಿರಿ. ನಾನೊಬ್ಬಳೇ ನಟಿ ಎಂದುಕೊಂಡಿದ್ದೆ. ಸಿಂಕಿನ ಕಡೆ ತಿರುಗಿ ಕೈ ತೊಳೆಯುತ್ತಾ ನೀವು ಹೇಳಿದ ಆ ದೊಡ್ಡ ಮಾತನ್ನು, ಒಂದು ಸಲ ನಿಲ್ಲಿಸದೆ ಹೋದರೆ ಆ ಕೈ ಮತ್ತೆ ಏಳುವುದಿಲ್ಲ ಎಂಬುದನ್ನು, ಯಾರ ಕೈ ನೋಡಿ ಕಲಿತಿರಿ ಎಂದು ಈಗ ತಿಳಿಯಿತು.

ಶನಿವಾರ ನಾನು ಬರುವುದಿಲ್ಲ. ಯಾವತ್ತೂ ಬರುವುದಿಲ್ಲ. ಮೇಲಿನ ಸಹಿಯನ್ನು ಹೊಡೆದು ಹಾಕಿದೆ ಎಂದು ತಿಳಿಯಿರಿ. ಕೊಳವೆ ಹಿಡಿಯುವುದನ್ನು ಹುಡುಗಿಗೆ ನೀವೇ ಕಲಿಸಿ. ಕಾಲ್ಬೆರಳು ನೋಡುವುದನ್ನು ಮಾತ್ರ ಕಲಿಸಬೇಡಿ.